ತಂಗಿಯ ಮಾತ್ರೆ

ನೊಣ ಮತ್ತೆ ತಂಗಿ ಬೃಂದಾಳ ಕಾಲಿನ ಬ್ಯಾಂಡೇಜಿನ ಮೇಲೇ ಬಂದು ಕೂತಿತು, ಓಡಿಸಬೇಕು, ಕೈ ಏಳುತ್ತಿಲ್ಲ, ಮೊಣಕಾಲು ಮಾತ್ರ ತನ್ನಷ್ಟಕ್ಕೇ ಕುಣಿಯುತ್ತಿದೆ, ಆಕಳಿಕೆ, ಮೂಗಿನಲ್ಲಿ ನೀರು, ಬೆಳಗ್ಗೆ ತಿಂದದ್ದು ಆಗಲೇ ಇಳಿದುಹೋಯಿತೇ — ತಂಗಿಯ ಮಾತ್ರೆ ಅದು, ನನ್ನದಲ್ಲ, ನನ್ನವು ಹೋದ ವರ್ಷವೇ ಮುಗಿದವು, ಬೈಕಿನಿಂದ ಬಿದ್ದು ಸರ್ಕಾರದ ವಿಮೆ ಕಾರ್ಡಿನಲ್ಲಿ ರಾಡು ಹಾಕಿಸಿಕೊಂಡಾಗ ಕೊಟ್ಟ ನೋವಿನ ಮಾತ್ರೆಗಳು. ಮೂಳೆ ನಾಲ್ಕು ತಿಂಗಳಿಗೇ ಕೂಡಿತ್ತು. ಕುಂಟುವುದನ್ನು ನಾನು ಬಿಡಲಿಲ್ಲ, ನೋವಿಲ್ಲದವನಿಗೆ ಡಾಕ್ಟರ ಹಳೇ ಚೀಟಿ ಹಿಡಿದು ಪಿರಿಯಾಪಟ್ಟಣದಲ್ಲಿ ಏನು ಕೆಲಸ, ಅಲ್ಲಿಯ ಮೆಡಿಕಲ್ ಶಾಪಿನ ನೀಲಕಂಠಸ್ವಾಮಿ ಈಗ ನನ್ನ ತಲೆ ಕಂಡರೆ ಬೇರೆ ಗಿರಾಕಿಯ ಕಡೆ ತಿರುಗುತ್ತಾನೆ, ತಿರುಗಲಿ, ಹುಣಸೂರಿನಲ್ಲಿ ಇನ್ನೊಂದು ಅಂಗಡಿಯಿದೆ, ಕುಂಟಿದರೆ ಯಾರಿಗಾದರೂ ಅಯ್ಯೋ ಅನಿಸುತ್ತದೆ, ಇವಳಿಗೂ ಅನಿಸಿತ್ತು. ಹೊಗೆಸೊಪ್ಪು ಬೇಯಿಸುವ ಎತ್ತರದ ಬ್ಯಾರನ್ ಮನೆಗೆ ಸೊಪ್ಪು ಕಟ್ಟಿದ ಕಡ್ಡಿ ಏರಿಸುವ ದಿನ, ಮೇಲಿನ ಗಳದ ಮೇಲೆ ಕಾಲಗಲಿಸಿ ನಿಲ್ಲಬೇಕಾದವನು ನಾನು, ನಿಂಗಾಗಾಕಿಲ್ಲ ಬುಡಣ್ಣ ಅಂದಳು, ದುಪಟ್ಟಾ ಸೊಂಟಕ್ಕೆ ಬಿಗಿದು ಅವಳೇ ಹತ್ತಿದಳು, ನಾನು ಕೆಳಗಿನಿಂದ ಕಡ್ಡಿ ಕೊಡುತ್ತಿದ್ದೆ, ಕುಂಟುವುದನ್ನೂ ಮರೆಯದೆ, ಥೂ, ಗಳ ಲಟಕ್ಕೆಂದಿತು.

ಅದೇ ಕಾರ್ಡು, ಅದೇ ಆಸ್ಪತ್ರೆ, ಅದೇ ಬಿಳಿ ಮಾತ್ರೆ. ಮೊನ್ನೆ ಮನೆಗೆ ಕರೆತಂದಾಗ ಅವ್ವ ಪೊಟ್ಟಣವನ್ನು ನೇರ ನನ್ನ ಕೈಗೇ ಇಟ್ಟಳು, ನೋವು ಅಂದ್ರೇನು ಅಂತ ನಿಂಗೆ ಗೊತ್ತು ಕಣಪ್ಪ, ಒತ್ತೊತ್ಗೆ ನೀನೇ ಕೊಡು. ಐದು ದಿನಕ್ಕೆ ಹತ್ತು ಮಾತ್ರೆ. ಮೊದಲು ಅವಳಿಗೊಂದು ನನಗೊಂದು, ಆಮೇಲೆ ಮಲಗಿದ್ದಾಳೆ ಎಬ್ಬಿಸುವುದೇಕೆ ಅಂತ ಅವಳದೂ ನನಗೇ, ನಾಯಿಗಿಂತ ಕಡೆ ನಾನು, ಗೊತ್ತು, ಗೊತ್ತಿದ್ದೂ ಕೈ ಜೇಬಿಗೇ ಹೋಗುತ್ತದೆ — ಒಂದೇ ಒಂದು ಉಳಿದಿದೆ, ಈಗಲೂ ನಿದ್ದೆಯಲ್ಲಿದ್ದಾಳೆ, ಇಲ್ಲ, ಕಣ್ಣು ಬಿಟ್ಟಿದ್ದಾಳೆ, ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಿದ್ದಾಳೆ, ಎಷ್ಟು ಹೊತ್ತಿನಿಂದಲೋ. ಅಣ್ಣ, ತಡ್ಕೊಳಕಾಯ್ತಿಲ್ಲ. ಕೊಟ್ಟೆ, ಕೊಟ್ಟೇಬಿಟ್ಟೆ, ನನ್ನಿಂದಲೂ ಆಗುತ್ತದೆ, ನೀರು ಕೊಡಬೇಕು, ಚೊಂಬು ಎಲ್ಲಿ, ಅವಳು ನುಂಗಲಿಲ್ಲ, ಹಲ್ಲಿನಲ್ಲಿ ಕಡಿದು ಎರಡು ಮಾಡಿದಳು. ನಿಂಗೂ ನೋಯ್ತದಲ್ಲಣ್ಣ, ಬೆಳಗಿಂದ ನೋಡ್ತಾ ಇವ್ನಿ, ಅರ್ಧ ನೀನ್ ತಕೊ. ಅಂಗೈ ಚಾಚಿದ್ದಾಳೆ, ಗೆರೆಗಳಲ್ಲಿ ಸೊಪ್ಪಿನ ಅಂಟು ಇನ್ನೂ ಹೋಗದ ಕಪ್ಪು ಅಂಗೈ, ನಡುವೆ ಬಿಳಿ ಅರ್ಧ, ಬೇಡ ಅನ್ನಬೇಕು, ನನಗೆ ನೋವಿಲ್ಲ, ಎಂದೋ ಹೋಯಿತು ಅನ್ನಬೇಕು, ನನ್ನ ಕೈ ಏಳುತ್ತಿದೆ, ಕಪ್ಪು ಅಂಗೈ, ಬಿಳಿ ಅರ್ಧ, ಅಂಗೈ —