ಅಳಿಸದೆ ಉಳಿದದ್ದು

"ಮತ್ತೆ ಅದೇ ತಪ್ಪು ಉತ್ತರ," ಎಂದ ತಕರಾರಣ್ಣ, ಪರದೆಯಿಂದ ಕಣ್ಣು ಕೀಳದೆ. ಪರೀಕ್ಷಕನಾದ ಅವನಿಗೆ ಆ ಹೆಸರಿಟ್ಟವಳು, ಇಡೀ ಆಫೀಸು ಅಕ್ಕ ಎಂದೇ ಕರೆಯುವ ವಿನ್ಯಾಸಗಾರ್ತಿ.

ಅವರು ಪರೀಕ್ಷಿಸುತ್ತಿದ್ದ ಕಂಪನಿಯ ಹೊಸ ಚಿಪ್‌ನಲ್ಲಿ ಕವಲುಗಳನ್ನು ನೋಡಿಕೊಳ್ಳುವ ಭಾಗ ಅಕ್ಕನದು. 'ಹೀಗಿದ್ದರೆ ಇದು ಮಾಡು, ಇಲ್ಲದಿದ್ದರೆ ಅದು' ಎಂಬ ಆದೇಶ ಬಂದಾಗ ಚಿಪ್ ಕಾಯುತ್ತ ಕೂರುವುದಿಲ್ಲ. ಒಂದು ದಾರಿಯನ್ನು ಊಹಿಸಿ ಓಡುತ್ತದೆ. ಊಹೆ ಸುಳ್ಳಾದರೆ ಅಲ್ಲಿ ಮಾಡಿದ್ದನ್ನೆಲ್ಲ ಅಳಿಸಿ ಹಿಂದಿರುಗಬೇಕು. ಇದೂ ಹಿಂದಿರುಗುತ್ತಿತ್ತು. ಆದರೆ ಕವಲಿನೊಳಗೊಂದು ಕವಲು ಬಂದು ಎರಡೂ ಊಹೆ ಒಟ್ಟಿಗೆ ಕೈಕೊಟ್ಟಾಗ, ಒಂದು ಅಂಕಿಯನ್ನು ಅಳಿಸದೆ ಬಿಟ್ಟು ಬರುತ್ತಿತ್ತು.

ಎಲ್ಲ ಅಳಿಸಿತೇ ಎಂದು ನೋಡುವ ಕಾವಲೊಂದು ಇರಲಿ ಎಂದು ತಕರಾರಣ್ಣ ಗೋಗರೆದಿದ್ದ. "ಎರಡೂ ಒಟ್ಟಿಗೆ ತಪ್ಪೋದು ಯಾವ ಕಾಲಕ್ಕೆ ಮಹಾರಾಯ?" ಎಂದು ನಕ್ಕು, ಅಕ್ಕ ಅದನ್ನು ಕಿತ್ತುಹಾಕಿಸಿ ವೇಗ ಉಳಿಸಿಕೊಂಡಿದ್ದಳು. ಈಗದು ಸಿಲಿಕಾನ್‌ನಲ್ಲಿ ಅಚ್ಚಾಗಿ ಬಂದಿದೆ; ತಿದ್ದುವಂತಿಲ್ಲ. ಇನ್ನೊಮ್ಮೆ ಅಚ್ಚು ಹಾಕಿಸುವ ತಾಕತ್ತು ಈ ಪುಟ್ಟ ಕಂಪನಿಗಿಲ್ಲ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಉಳಿದದ್ದು ಒಂದೇ ಉಪಾಯ, ಊಹಿಸುವುದನ್ನೇ ನಿಲ್ಲಿಸುವುದು. ಆ ಆಜ್ಞೆಯನ್ನು ಅಕ್ಕ ತಾನೇ ಟೈಪು ಮಾಡಿದಳು.

ಪಕ್ಕದ ಮೇಜಿನಿಂದ ಅವಳ ಒಡಹುಟ್ಟಿದ ತಂಗಿ ಎದ್ದು ಬಂದಳು. "ಇಂಥ ಚಿಪ್ ಯಾರ ಹತ್ರನೂ ಇರಲ್ಲ ಕಣೇ" ಎಂದು ಆಸೆ ಹುಟ್ಟಿಸಿ, ಗಟ್ಟಿ ಕೆಲಸ ಬಿಡಿಸಿ ಅವಳನ್ನು ಇಲ್ಲಿಗೆ ಎಳೆತಂದವಳೂ ಅಕ್ಕನೇ. ತಂಗಿ ಹಿಂದುಮುಂದು ನೋಡದೆ ಬಂದಿದ್ದಳು.

"ಈಗ ಸರಿ ಉತ್ತರ ಬರ್ತಿದೆಯಲ್ಲಾ!" ತಂಗಿಯ ಮುಖ ಅರಳಿತು.

"ಬರುತ್ತೆ. ಪ್ರತಿ ಕವಲಲ್ಲೂ ನಿಂತು ನಿಂತು ಬರುತ್ತೆ. ಪೇಟೆಯಲ್ಲಿರೋ ಹಳೇ ಚಿಪ್‌ಗಳೇ ಇದಕ್ಕಿಂತ ಜೋರು."

"ಹಾಗಾದ್ರೆ ಕೊಳ್ಳೋರು?"

ತಕರಾರಣ್ಣ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದ. ಹೇಳಿದ್ದೆನಲ್ಲ ಎಂದು ಅವನು ಒಂದು ಮಾತು ಚುಚ್ಚಿದ್ದರೆ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಒರೆಸುತ್ತಲೇ ಇದ್ದ.

"ಯಾರೂ ಕೊಳ್ಳಲ್ಲ," ಎಂದಳು ಅಕ್ಕ. "ಕಂಪನಿ ಮುಚ್ಚುತ್ತೆ. ನಿನ್ನ ಹಳೇ ಕೆಲಸದೋರು ವಾಪಸ್ ತಗೋತಾರಾ ಕೇಳು."

"ನನ್ನ ಕುರ್ಚೀಲಿ ಬೇರೆಯವರು ಕೂತಾಯ್ತಲ್ಲ ಅಕ್ಕಾ."

ತಂಗಿ ಒಂದು ಸ್ಟೂಲು ಎಳೆದು ಅಕ್ಕನ ಪಕ್ಕದಲ್ಲಿ ಕೂತಳು. ಚಿಪ್ ಕೂರಿಸಿದ ಹಲಗೆಯ ಮೇಲೆ, ಒಂದೊಂದು ಉತ್ತರಕ್ಕೂ ಮಿಣುಕುತ್ತ, ಚಿಪ್ ಊಹಿಸಿ ಓಡುವಾಗ ಬಿಡದೆ ಉರಿಯುವಂತೆ ಕಾಣುತ್ತಿದ್ದ ಹಸಿರು ದೀಪ ಈಗ ಆರಿತ್ತು. ಎಷ್ಟೋ ಹೊತ್ತಿಗೆ ಒಮ್ಮೆ ಮಿಣುಕಿ ಮತ್ತೆ ಆರಿತು. ಮೂವರೂ ಕಾಯುತ್ತ ಕೂತರು.