ಆ ಗಾಡಿಯಲ್ಲಿದ್ದವಳು

ಶಿಕಾರಿಪುರದ ಕಾಲೇಜೊಂದರ ಆಫೀಸಿನವರು ಭಾನುವಾರ ಗುಡವಿ ಪಕ್ಷಿಧಾಮಕ್ಕೆ ಎರಡು ಗಾಡಿ ಮಾಡಿಕೊಂಡು ಹೊರಟರು. "ರಮಾಬಾಯಾರೇ, ನೀವು ಆ ಗಾಡಿಗೆ ಸ್ವಲ್ಪ ಅಡ್ಜಸ್ಟ್ ಮಾಡ್ಕಳ್ರೀ" ಎಂದು ಸೂಪರಿಂಟೆಂಡೆಂಟ್ ಕೊಟ್ರೇಶ್ ಹೊರಡುವಾಗಲೇ ತಮ್ಮ ಗಾಡಿಯಿಂದ ಎಬ್ಬಿಸಿದರು. ಸೊರಬದಲ್ಲಿ ಚಹಾಕ್ಕೆ ನಿಂತಾಗ, ಮಕ್ಕಳು ಕೂರಬೇಕಂತೆ ಎಂದು ಆ ಗಾಡಿಯವರು ಮತ್ತೆ ಈ ಗಾಡಿಗೇ ಕಳಿಸಿದರು. ಗುಮಾಸ್ತೆ ರಮಾಬಾಯಿ ಎರಡೂ ಸಲ ನಗುತ್ತಲೇ ಇಳಿದಳು. ಗಂಡನಿಲ್ಲ, ಮಕ್ಕಳಿಲ್ಲ, ಹೆಗಲಿಗೊಂದು ಬ್ಯಾಗು. ಎಬ್ಬಿಸುವುದಕ್ಕೆ ಇವಳಷ್ಟು ಸಲೀಸಾದ ಹೆಂಗಸು ಇನ್ನೆಲ್ಲಿ ಸಿಕ್ಕಾಳು!

ಕೆರೆಯ ಸುತ್ತ ಕಾಲುದಾರಿ. ಏರಿಲ್ಲ, ಇಳಿವಿಲ್ಲ, ಮಾತಾಡಿಕೊಂಡು ನಡೆಯಲಿಕ್ಕೆ ಹೇಳಿ ಮಾಡಿಸಿದ ದಾರಿ. ಮಾತಾಡುವವರು ಜೋಡಿ ಜೋಡಿಯಾಗಿ ಮುಂದೆ ಹೋದರು. ಇವಳು ನೀರಿನ ನಡುವಿನ ಮರಗಳಲ್ಲಿ ಕಚ್ಚಾಡುತ್ತಿದ್ದ ಬೆಳ್ಳಕ್ಕಿಗಳನ್ನು ನೋಡುತ್ತ ಹಿಂದುಳಿದಳು. ವೀಕ್ಷಣಾ ಗೋಪುರ ಹತ್ತಿದಳು. ಎಷ್ಟು ದಿನದ ಮೇಲೆ ಮನಸ್ಸು ಹಗುರಾಗಿತ್ತೋ, ಕೂತಲ್ಲೇ ಕಣ್ಣು ಹತ್ತಿತು.

ಎದ್ದು ಗೇಟಿಗೆ ಬಂದರೆ ಗಾಡಿಗಳೇ ಇಲ್ಲ.

"ಅಯ್ಯೋ ಅಮಾ, ನಿಮ್ಮೋರು ಆಗ್ಲೇ ಹೋದ್ರಲ್ಲ!" ಕಾವಲುಗಾರ ಸಣ್ಣಪ್ಪ ಗಾಬರಿಯಾದ. "ಫೋನ್ ಮಾಡಿ. ತಿರುಗಿಸ್ಕೊಂಡು ಬರ್ತಾರೆ."

ರಮಾಬಾಯಿ ಫೋನು ತೆಗೆದಳು. ಹೆಸರೂ ಹುಡುಕಿದಳು. ಒತ್ತಲಿಲ್ಲ. ಇವತ್ತೊಂದು ದಿನ ತಾನಾಗಿ ಕೂಗುವುದಿಲ್ಲ. ಅವರಿಗೇ ನೆನಪಾಗಲಿ. ಒಬ್ಬರಾದರೂ, 'ಅರೇ, ರಮಾಬಾಯಿ ಎಲ್ಲಿ?' ಅನ್ನಲಿ. ಒಬ್ಬರು ಅಂದರೂ ಸಾಕು.

ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಳು. ದೂರದಲ್ಲಿ ಗಾಡಿಯ ಸದ್ದಾದಾಗಲೆಲ್ಲ ಸೆರಗು ಸರಿಮಾಡಿಕೊಂಡಳು. ಬಂದರೆ ಏನನ್ನಬೇಕೆಂದೂ ಯೋಚಿಸಿಟ್ಟಳು; ಸಿಟ್ಟು ಮಾಡಬಾರದು, ನಗಬೇಕು. ಒಂದು ಟ್ರ್ಯಾಕ್ಟರ್ ಹೋಯಿತು, ಒಂದು ಬೈಕು ಹೋಯಿತು. ಬಿಸಿಲು ಇಳಿಯಿತು. ಲೋಕದಲ್ಲಿ ತಾನೊಬ್ಬಳೇ ಉಳಿದಂತೆ ಅನ್ನಿಸಿತು. ಇಷ್ಟು ವಯಸ್ಸಾದ ಹೆಂಗಸು ಗೇಟಿನಲ್ಲಿ ಕೂತು ಅಳುವುದೇ, ಛೇ! ಆದರೂ ಅಳು ಬಂತು.

ಆಗ ಫೋನು ಬಡಕೊಂಡಿತು. ಕೊಟ್ರೇಶ್! ರಮಾಬಾಯಿ ಮೂಗು ಒರೆಸಿಕೊಂಡು, ಮುಖ ಅರಳಿಸಿಕೊಂಡು ಎದ್ದೇ ನಿಂತಳು. ಸಣ್ಣಪ್ಪನೂ ಹತ್ತಿರ ಬಂದ. "ನೋಡಿ, ನಾ ಹೇಳ್ಲಿಲ್ವಾ!"

"ಮೇಡಂ, ನಾವು ಶಿಕಾರಿಪುರ ಮುಟ್ಟಿದ್ವಿ. ನಾಳೆ ಮುಂಜಾನೆ ಸ್ವಲ್ಪ ಲಗೂನ ಬಂದು ಆಫೀಸ್ ಬಾಗ್ಲು ತೆಗೀರಿ, ಸಾಹೇಬ್ರು ಬರೋದೈತೆ. ನೀವ್ ಕುಂತಿರೋ ಆ ಗಾಡಿ ಎಲ್ಲೈತ್ರೀ? ಎಲ್ಲಾ ಆರಾಮಾಗಿದೀರೇನು?"

ಹಿಂದಿನಿಂದ ಯಾರದೋ ನಗು, ಮಕ್ಕಳ ಗದ್ದಲ ಕೇಳುತ್ತಿತ್ತು. ರಮಾಬಾಯಿ ಖಾಲಿ ರಸ್ತೆಯನ್ನು ನೋಡಿದಳು. ಈಗ ಹೇಳಿದರೆ ಅವರು ಓಡಿ ಬಂದಾರು, ಕೈಮುಗಿದಾರು. ಹೇಳಿ ಕರೆಸಿಕೊಂಡ ಮೇಲೆ ಅದಕ್ಕೇನು ಬೆಲೆ?

"ಹೂಂ ಸರ್. ಬರ್ತಾ ಇದೀವಿ. ಎಲ್ಲಾ ಆರಾಮಾಗಿದೀವಿ."

ರಮಾಬಾಯಿ ಫೋನನ್ನು ಬ್ಯಾಗಿಗೆ ಹಾಕಿ, ಸೊರಬದ ಬಸ್ಸು ಎಲ್ಲಿ ಸಿಗುತ್ತದೆಂದು ಸಣ್ಣಪ್ಪನನ್ನು ಕೇಳಿದಳು.