ಚೈನಿನ ಮೇಲಿನ ತಗಡು

ತುಕ್ಕಿಗೂ ಒಂದು ರುಚಿಯಿದೆ, ತುಟಿಗೆ ಹತ್ತಿದರೆ ನಾಲಿಗೆಯೆಲ್ಲ ಒಗರು, ಉಗುಳಿದರೂ ಹೋಗುವುದಿಲ್ಲ, ಎಳ್ಳಮಾವಾಸ್ಯೆ ಹತ್ತಿರ ಬಂತು, ಅಷ್ಟರೊಳಗೆ ಕಮತಗಿ ಸುತ್ತಿನ ಬಟಾಟಿ ಕಿತ್ತು ಮುಗಿಯಬೇಕು, ಈ ಬಟಾಟಿ ಕೀಳುವ ಯಂತ್ರ ನೋಡಿದರೆ ವರ್ಷವಿಡೀ ಶೆಡ್ಡಿನಲ್ಲಿ ಮಲಗಿದ ಸೋಮಾರಿ, ಚೈನಿನ ಕೊಂಡಿಗಳು ಬಿಗಿದುಕೊಂಡಿವೆ, ಹೋದ ವರ್ಷದ ಮಸಾರಿ ಮಣ್ಣು ಒಣಗಿ ಹೆಂಟೆಯಾಗಿದೆ, ಡೀಸೆಲ್ ಹಾಕಿ ತಿಕ್ಕು ಕಳಕಪ್ಪ, ತಿಕ್ಕು ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ, ಸೊಂಟ ಹಿಡಿದುಕೊಂಡಿತು, ಮೊದಲೆಲ್ಲ ಇದು ತೌಸಿಫನ ಕೆಲಸ, ಹನ್ನೆರಡು ವರ್ಷ ನನ್ನ ಟ್ರ್ಯಾಕ್ಟರು ಓಡಿಸಿದವನು, ಎಂಥ ಹಟಮಾರಿ ನಟ್ಟೂ ಅವನ ಕೈಗೆ ಬಂದರೆ ಹೇಳಿದ ಮಾತು ಕೇಳುತ್ತಿತ್ತು — ಕೈ, ಹೆಬ್ಬೆರಳಿನ ಪಕ್ಕದ ಆ ಖಾಲಿ, ಬೇಡ, ಗ್ರೀಸು ಎಲ್ಲಿದೆ, ಬೇರಿಂಗಿಗೆ ಗ್ರೀಸು ತುಂಬಬೇಕು, ಮುಂದಿನ ಕುಡ ಸವೆದಿದೆ, ಕಮ್ಮಾರನ ಕಡೆ ಒಯ್ಯಬೇಕು, ಆಮೇಲೆ ಆ ತಗಡು. ಚೈನು ಮುಚ್ಚುವ ತಗಡು ಗೋಡೆಗೆ ಒರಗಿ ನಿಂತಿದೆ, ನಾಲ್ಕು ಮೂಲೆಗೆ ನಾಲ್ಕು ತೂತು. ಹೋದ ವರ್ಷ ಅವತ್ತು ಅಮಾವಾಸ್ಯೆಯ ಹಿಂದಿನ ದಿನ, ನಾಳೆ ಅನ್ನ-ಕಡುಬಿನ ಚರಗ ಚೆಲ್ಲಿ ಪೂಜಿಸುವ ಹೊಲ, ಬಸುರಿ ಭೂಮಿತಾಯಿಯ ಮೈಗೆ ಕಬ್ಬಿಣ ತಾಗಿಸಬಾರದು, ಇನ್ನೂ ಅರ್ಧ ಎಕರೆ ಉಳಿದಿತ್ತು, ಬಳ್ಳಿ ಮೇಲಿಂದ ಮೇಲೆ ಚೈನಿಗೆ ಸುತ್ತುತ್ತಿತ್ತು, ಪ್ರತಿ ಸಲ ನಾಲ್ಕು ಬೋಲ್ಟು ಬಿಚ್ಚು, ಹಾಕು, ಬಿಚ್ಚು, ತಲೆ ಕೆಟ್ಟು ತಗಡು ತೆಗೆದಿಟ್ಟವನು ನಾನೇ, ಬೋಲ್ಟು ಕಿಸೆಗೆ ಹಾಕಿಕೊಂಡವನೂ ನಾನೇ, ಹೊತ್ತ ಮುಳಗೂದ್ರಾಗ ಮುಗಸೂನು ನಡಿ ಅಂದವನೂ ನಾನೇ, ಇಂಜಿನ್ನು ಬಂದ್ ಮಾಡಲೂ ಬಿಡಲಿಲ್ಲ, ತೌಸಿಫ ಬಳ್ಳಿ ಎಳೆಯಲು ಕೈ ಹಾಕಿದ, ಎರಡು ಬೆರಳು. ನವನಗರದ ದವಾಖಾನೆಯ ಮೆಟ್ಟಿಲ ಮೇಲೆ ಅವನ ಹೆಂಡತಿ ಸುಲ್ತಾನಾ, ಇವರದ ಅವಸರ ಭಾಳ ಕಾಕಾ, ತಗಡ ಹಾಕೂದ ಮರತಾರ, ನಿಮ್ಮದೇನೂ ತಪ್ಪಿಲ್ಲ. ಹೂಂ ಅಂದೆ. ಒಂದು ವರ್ಷದಿಂದ ಆ ಹೂಂ ಅನ್ನದ ಸಂಗಡ ಗಂಟಲಿಗೆ ಬರುತ್ತದೆ, ನಾಚಿಕೆಯಾಗುತ್ತದೆ, ಸಾಕಾಗಿದೆ. ಮರುದಿನ ಹೊಲಕ್ಕೆ ಹೋಗಿ ಚರಗವನ್ನೂ ಚೆಲ್ಲಿ ಬಂದೆ, ಭೂಮಿತಾಯಿಗೆ ನೋವಾಗದಂತೆ ನೋಡಿಕೊಂಡ ದೊಡ್ಡ ಧರ್ಮಿಷ್ಠ.

ಬಾಗಿಲಲ್ಲಿ ನೆರಳು, ತೌಸಿಫನೇ, ನಾನು ಹೇಳಿಕಳಿಸಿರಲಿಲ್ಲ, ಆರಾಮ ಏನ್ರಿ ಕಾಕಾ ಅನ್ನುತ್ತ ಎಡಗೈಯಲ್ಲಿ ಗ್ರೀಸ್ ಗನ್ನು ಎತ್ತಿಕೊಂಡ, ಈ ವರ್ಷ ಯಾರು ಓಡಿಸುತ್ತಾರೆಂದು ಅವನು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ, ತಗಡನ್ನು ತಾನೇ ತಂದು ಚೈನಿನ ಮೇಲಿಟ್ಟು ಮೊಣಕಾಲಿನಿಂದ ಒತ್ತಿ ಹಿಡಿದ. ಬೋಲ್ಟ ಕಳದಾವ ಅಂತ ಕಾಣಸ್ತೈತಿ, ಹೊಸಾವ ತರಬೇಕು ಅಂದೆ. ಕಳದಿಲ್ರಿ ಕಾಕಾ, ಅವತ್ತ ನಿಮ್ಮ ಕಿಸೆದಾಗ ಹಾಕ್ಕೊಂಡ್ರಿ, ನಾ ನೋಡೇನಿ, ಕೊಡ್ರಿ. ದನಿಯಲ್ಲಿ ಸಿಟ್ಟಿಲ್ಲ, ಸಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ, ಒಂದು ವರ್ಷ ಇವನು ತನ್ನ ಹೆಂಡತಿಗೂ ಹೇಳದೆ — ನಾಲ್ಕೂ ಇವೆ ಕಿಸೆಯಲ್ಲಿ, ಬೆಳಿಗ್ಗೆ ಬಚ್ಚಿಟ್ಟ ಡಬ್ಬಿಯಿಂದ ತೆಗೆದು ಹಾಕಿಕೊಂಡು ಬಂದಿದ್ದೇನೆ, ಕೊಡಬೇಕು, ಕೊಡುತ್ತೇನೆ, ಅವನು ಬಲಗೈ ಚಾಚಿದ್ದಾನೆ, ಹೆಬ್ಬೆರಳು, ಪಕ್ಕದಲ್ಲಿ ಖಾಲಿ, ಆಮೇಲೆ ಎರಡು, ನಾಲ್ಕು ಬೋಲ್ಟು, ಮೂರು ಬೆರಳು, ನಾಲ್ಕು ಬೋಲ್ಟು, ಮೂರು ಬೆರಳು